ಮುಚ್ಚಿದ ಹೆಡ್‌ಫೋನ್ ಬಿಚ್ಚಿ ತಿದ್ದುವುದು: ಮಳೆಗಾಲದಲ್ಲಿ ಅಳತೆ ಎಷ್ಟು ನಂಬಬಹುದು?

ಮಳೆಕಿವಿ (ಶಿರಸಿ)

ಹೆಡ್‌ಫೋನ್ ಮುಚ್ಚಿದ ಬೆನ್ನಿನದು. 40 ಮಿ.ಮೀ. ಡೈನಾಮಿಕ್ ಡ್ರೈವರ್ (ಸುರುಳಿ, ಆಯಸ್ಕಾಂತ, ಪೊರೆ ಇರುವ ಪುಟ್ಟ ಸ್ಪೀಕರ್), 32 ಓಮ್, ಕೃತಕ ಚರ್ಮದ ಪ್ಯಾಡ್. ದೂರು ಎರಡು. ಚಂಡೆ, ತಾಳ ಬಂದರೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಮದ್ದಲೆಯ ಎಡಭಾಗ ಕಂಬಳಿ ಹೊದ್ದು ಬಾರಿಸಿದ ಹಾಗೆ ಗುಂಯ್ ಎನ್ನುತ್ತದೆ.

ಅಳತೆಗೆ 12 ಮಿ.ಮೀ. ಪ್ಲೈವುಡ್ ಹಲಗೆಗೆ 6 ಮಿ.ಮೀ. ತೂತು ಕೊರೆದು ಹಿಂದಿನಿಂದ ಎಲೆಕ್ಟ್ರೆಟ್ ಮೈಕ್ ಗುಂಡಿ (ಅಂಗಿ ಗುಂಡಿಯಂಥ ಪುಟ್ಟ ಮೈಕ್) ತೂರಿಸಿದೆ, ಹೆಡ್‌ಫೋನ್ ಅದರ ಮೇಲೆ ಕೂರುತ್ತದೆ. ಯುಎಸ್‌ಬಿ ಸೌಂಡ್ ಕಾರ್ಡ್, ಸದ್ದು ಅಳೆಯುವ ಆರ್‌ಇಡಬ್ಲ್ಯು (ರೂಮ್ ಇಕ್ಯು ವಿಝಾರ್ಡ್) ತಂತ್ರಾಂಶ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಸ್ವೀಪ್ (ಕೆಳಸ್ವರದಿಂದ ಮೇಲ್ಸ್ವರಕ್ಕೆ ಏರುವ ಒಂದೇ ಸದ್ದು). 8 ಕಿಲೋಹರ್ಟ್ಸ್‌ನಲ್ಲಿ ಅಳತೆಯ ಗೆರೆಗೆ 11 ಡೆಸಿಬೆಲ್ (ಡಿಬಿ) ಎತ್ತರದ ಗುಡ್ಡ ಕಾಣುತ್ತಿದೆ. 60 ಹರ್ಟ್ಸ್‌ನಲ್ಲಿ ಒಂದು ಸಲ ಬಂದದ್ದು ಇನ್ನೊಂದು ಸಲ ಬರುವುದಿಲ್ಲ. ಐದು ಸಲ ಇಟ್ಟರೆ 7 ಡಿಬಿ ಹೆಚ್ಚುಕಮ್ಮಿ. ಹೆಡ್‌ಫೋನಿನ ಬಟ್ಟಲಿಗೆ ಹತ್ತಿ ತುಂಬಬೇಕೋ, ಡ್ರೈವರ್ ಮುಂದೆ ಫೆಲ್ಟ್ (ಎಳೆ ಒತ್ತಿ ಮಾಡಿದ ಬಟ್ಟೆ) ಹಾಕಬೇಕೋ? ಎಲ್ಲಿಂದ ಶುರು ಮಾಡಲಿ?

ಉಪ್ಪುಗಾಳಿ (ಕಾರವಾರ)

ಸದ್ಯ ಹೆಡ್‌ಫೋನ್ ಮುಟ್ಟಬೇಡಿ, ಹಲಗೆ ಸರಿಮಾಡಿ. ಇಟ್ಟು ತೆಗೆದರೆ 7 ಡಿಬಿ ಓಡಾಡುವ ಹಲಗೆಯ ಮೇಲೆ 2 ಡಿಬಿ ಬದಲಾವಣೆ ಹುಡುಕಲು ಹೋದರೆ ಸಿಗುವುದು ನಿಮ್ಮ ಆಸೆ ಮಾತ್ರ.

ಬೇಸ್ ಓಡಾಡುತ್ತಿರುವುದು ಸೋರಿಕೆಯಿಂದ. ಮುಚ್ಚಿದ ಹೆಡ್‌ಫೋನಿನಲ್ಲಿ ಕೆಳಸ್ವರ ನಿಂತಿರುವುದೇ ಪ್ಯಾಡಿನ ಒಳಗೆ ಸಿಕ್ಕಿಬಿದ್ದ ಗಾಳಿಯ ಒತ್ತಡದ ಮೇಲೆ. ಕೂದಲೆಳೆಯಷ್ಟು ಸಂದಿ ಇದ್ದರೂ 100 ಹರ್ಟ್ಸ್ ಕೆಳಗೆ ಇಳಿಜಾರು. ಪ್ಲೈವುಡ್ಡಿನ ಮೇಲ್ಮೈಯಲ್ಲಿ ನಾರಿನ ಏಳುಬೀಳು ಇರುತ್ತದೆ, ಮಳೆಗಾಲದಲ್ಲಿ ಅದು ಉಬ್ಬುತ್ತದೆ ಬೇರೆ. ಬಡಗಿಯ ಹತ್ತಿರ ಅಡುಗೆಮನೆ ಕಪಾಟಿನ ತುಂಡು ಕೇಳಿ, ಎರಡೂ ಬದಿ ಮೈಕಾ ಅಂಟಿಸಿದ್ದು. 15 ಸೆಂ.ಮೀ. ಚೌಕ ಸಾಕು. ಕತ್ತರಿಸಿದ ಅಂಚಿಗೆ ವಾರ್ನಿಷ್ ಎರಡು ಕೈ.

ಆಮೇಲೆ ಒತ್ತಡ. ಕೈಯಲ್ಲಿ ಒತ್ತಿ ಹಿಡಿದರೆ ಪ್ರತಿ ಸಲ ಬೇರೆ ಬಲ. ಬಟ್ಟಲನ್ನು ಬೋರಲು ಮಲಗಿಸಿ ಮೇಲೆ ಅರ್ಧ ಕೆಜಿ ಸಕ್ಕರೆ ಪೊಟ್ಟಣ ಇಡಿ. ಅದು ಸುಮಾರು 5 ನ್ಯೂಟನ್, ತಲೆಯ ಮೇಲೆ ಬೀಳುವ ಹಿಡಿತಕ್ಕೆ ಹತ್ತಿರ. ಪೊಟ್ಟಣ ಬಟ್ಟಲಿನ ಆಕಾರಕ್ಕೆ ಒಗ್ಗಿ ಕೂರುತ್ತದೆ, ಜಾರುವುದಿಲ್ಲ. ಇರುವೆ ಬಂದರೆ ಮರಳು ತುಂಬಿಕೊಳ್ಳಿ, ಕಾರವಾರದಲ್ಲಿ ಅದಕ್ಕೇನೂ ಬರವಿಲ್ಲ.

ಪ್ಯಾಡಿನ ಹೊರಸುತ್ತನ್ನು ಹಲಗೆಯ ಮೇಲೆ ಪೆನ್ನಿನಿಂದ ಗುರುತು ಮಾಡಿ. ಪ್ರತಿ ಸಲ ಪೂರ್ತಿ ಎತ್ತಿ, ಮತ್ತೆ ಗುರುತಿನ ಮೇಲೇ ಇಟ್ಟು, ಐದು ಅಳತೆ. 60 ಹರ್ಟ್ಸ್‌ನಲ್ಲಿ ಐದೂ 1 ಡಿಬಿ ಒಳಗೆ ಬರುವ ತನಕ ಮುಂದಿನ ಮಾತಿಲ್ಲ. ಬರದಿದ್ದರೆ ಪ್ಯಾಡ್ ಸುತ್ತ ಮಕ್ಕಳ ಆಟದ ಜೇಡಿಯನ್ನು ಹಗ್ಗದ ಹಾಗೆ ಹೊಸೆದು ಒತ್ತಿ. ಆಗ ಬೇಸ್ ಮೇಲೆದ್ದು ಸ್ಥಿರವಾಯಿತೋ, ಸೋರಿಕೆ ಪ್ಯಾಡಿನ ಕೆಳಗೆ. ಏಳಲಿಲ್ಲವೋ, ಬಟ್ಟಲಿನಲ್ಲೇ ಎಲ್ಲೋ ಇದೆ.

ಬೆಸುಗೆಮನೆ (ಕುಮಟಾ)

8 ಕಿಲೋಹರ್ಟ್ಸ್ ಗುಡ್ಡದ ಬಗ್ಗೆ ಒಂದು ಪ್ರಶ್ನೆ. ಮೈಕ್ ಗುಂಡಿಯ ಮುಖ ಹಲಗೆಯ ಮೇಲ್ಮೈಗೆ ಸಮವಾಗಿದೆಯೋ, ತೂತಿನೊಳಗೆ ಇಳಿದಿದೆಯೋ?

ಮಳೆಕಿವಿ (ಶಿರಸಿ)

ಇಳಿದಿದೆ. ಬೆಂಕಿಕಡ್ಡಿ ಇಳಿಸಿ ನೋಡಿದರೆ 8 ಮಿ.ಮೀ. ಆಳ.

ಬೆಸುಗೆಮನೆ (ಕುಮಟಾ)

ಹಾಗಾದರೆ ಆ ಗುಡ್ಡದ ದೊಡ್ಡ ಪಾಲು ನಿಮ್ಮ ಡ್ರಿಲ್ ಬಿಟ್ಟಿನದು. ಒಂದು ಬದಿ ಮುಚ್ಚಿದ ಕೊಳವೆ ಕಾಲು ಅಲೆಯುದ್ದದಲ್ಲಿ ಅನುರಣಿಸುತ್ತದೆ, ಪೆನ್ನಿನ ಮುಚ್ಚಳದ ಬಾಯಿಗೆ ಊದಿದರೆ ಸದ್ದು ಬರುವ ಹಾಗೆ. ಲೆಕ್ಕ ಹಾಕೋಣ. ತೂತಿನ ಉದ್ದ 8 ಮಿ.ಮೀ., ಬಾಯಿಯ ಹೊರಗಿನ ಗಾಳಿಗೆಂದು ಸೇರಿಸುವ ತುದಿ ತಿದ್ದುಪಡಿ ತ್ರಿಜ್ಯದ 0.85 ಪಟ್ಟು, ಅಂದರೆ 2.55. ಒಟ್ಟು 10.55 ಮಿ.ಮೀ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಹಿಡಿದು 4 × 0.01055ರಿಂದ ಭಾಗಿಸಿದರೆ 8,100 ಹರ್ಟ್ಸ್ ಚಿಲ್ಲರೆ. ಫೆಲ್ಟ್ ಅಂಟಿಸಿದ್ದರೆ ಇಲ್ಲದ ಗುಡ್ಡ ಕಡಿಯಲು ಹೋಗಿ ಇದ್ದ ಸ್ವರ ಕೊಂದಿರುತ್ತಿದ್ದಿರಿ.

ಗುಂಡಿಯನ್ನು ಮೇಲ್ಮೈಗೆ ಸಮ ತನ್ನಿ. ಗುಂಡಿಯ ಮೈಗೆ ಒಂದು ಸುತ್ತು ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕಿದರೆ 6 ಮಿ.ಮೀ. ತೂತಿನಲ್ಲಿ ಬಿಗಿಯಾಗುತ್ತದೆ. ತೀರಾ ಬಿಗಿಯಾದರೆ ತೂತಿಗೆ ಸ್ವಲ್ಪ ಮರಳು ಕಾಗದ. ಹಿಂದಿನ ಸಂದಿಗೆ ಜೇಡಿ ಮೆತ್ತಿ, ಇಲ್ಲವಾದರೆ ಅಲ್ಲೂ ಸೋರುತ್ತದೆ. ಬಿಸಿ ಅಂಟು ಬೇಡ, ಒಮ್ಮೆ ಹಾಕಿದರೆ ಗುಂಡಿ ಹೊರಗೆ ಬರುವುದು ತುಂಡಾಗಿಯೇ.

ಕಾರ್ಡಿನ ಮೈಕ್ ಸೆಟ್ಟಿಂಗಿನಲ್ಲಿ ತಾನಾಗಿ ಗಟ್ಟಿಮಾಡುವ ಎಜಿಸಿ, ಗದ್ದಲ ತಗ್ಗಿಸುವ ಆಯ್ಕೆ ಎರಡೂ ಬಂದ್ ಇರಲಿ. ಎಜಿಸಿ ಚಾಲೂ ಇದ್ದರೆ ಸ್ವೀಪ್ ಓಡುತ್ತಿರುವಾಗಲೇ ಗೇನ್ ಬದಲಾಗಿ ಗೆರೆ ಇಡಿಯಾಗಿ ಸುಳ್ಳಾಗುತ್ತದೆ.

ಹಾಳೆಟೊಪ್ಪಿ (ಸಿದ್ದಾಪುರ)

ಇದರ ಜೊತೆಗೆ ಸುಲಭದ ಪರೀಕ್ಷೆ ಒಂದಿದೆ. ಹೆಡ್‌ಫೋನನ್ನು ಹಲಗೆಯ ಮೇಲೆ 5 ಮಿ.ಮೀ. ಪಕ್ಕಕ್ಕೆ ಸರಿಸಿ ಮತ್ತೆ ಅಳೆಯಿರಿ. ಸರಿಸಿದಾಗ ಜಾಗ ಬದಲಿಸುವ ಏರಿಳಿತ ಪ್ಯಾಡಿನೊಳಗಿನ ಪ್ರತಿಫಲನದ್ದು. 8 ಕಿಲೋಹರ್ಟ್ಸ್‌ನಲ್ಲಿ ಅಲೆಯುದ್ದ 4.3 ಸೆಂ.ಮೀ. ಮಾತ್ರ, ಅಲ್ಲಿ ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ. ಎಲ್ಲಿ ಇಟ್ಟರೂ ಅಲ್ಲೇ ಇರುವುದು ಡ್ರೈವರಿನದು ಅಥವಾ ಮೈಕಿನದು. ಮೈಕಿನದಾದರೆ ಬೇರೆ ಯಾವ ಹೆಡ್‌ಫೋನ್ ಇಟ್ಟರೂ ಅದೇ ಗುಡ್ಡ ಕಾಣಬೇಕು.

ಇನ್ನೊಂದು. ಅಂತರ್ಜಾಲದಲ್ಲಿ ಸಿಗುವ ಹಾರ್ಮನ್ ಗೆರೆಗೆ (ಕೇಳುಗರ ಮೆಚ್ಚುಗೆ ನೋಡಿ ಕಟ್ಟಿದ ಮಾದರಿ ಗೆರೆ) ಇದನ್ನು ಹೋಲಿಸಿ ಕಂಗಾಲಾಗಬೇಡಿ. ಆ ಗೆರೆ ಕಿವಿಹಾಲೆ, ಕಿವಿನಾಳ ಎರಡೂ ಇರುವ ಅಳತೆ ತಲೆಗೆ ಕಟ್ಟಿದ್ದು. ಕಿವಿಯಿಂದ 3 ಕಿಲೋಹರ್ಟ್ಸ್ ಸುತ್ತ ಬರುವ ಏರು ಚಪ್ಪಟೆ ಹಲಗೆಯಲ್ಲಿ ಇರುವುದೇ ಇಲ್ಲ. ಹಲಗೆ ಕೆಲಸಕ್ಕೆ ಬರುವುದು ಎರಡಕ್ಕೆ: ತಿದ್ದುವ ಮೊದಲು ಮತ್ತು ನಂತರ, ಎಡ ಮತ್ತು ಬಲ. ಆರ್‌ಇಡಬ್ಲ್ಯುವಿನ ಆಲ್ ಎಸ್‌ಪಿಎಲ್ ಪುಟದಲ್ಲಿ ಟ್ರೇಸ್ ಅರಿತ್‌ಮೆಟಿಕ್ ತೆರೆದು ನಂತರದ್ದನ್ನು ಮೊದಲಿನದರಿಂದ ಭಾಗಿಸಿ. ಮೈಕಿನ ಸ್ವಂತ ದೋಷ ಎರಡರಲ್ಲೂ ಒಂದೇ ಆದ್ದರಿಂದ ಭಾಗಾಕಾರದಲ್ಲಿ ಹಾರಿಹೋಗುತ್ತದೆ. 30 ರೂಪಾಯಿಯ ಗುಂಡಿಯೂ ಈ ಕೆಲಸಕ್ಕೆ ಅಡ್ಡಿಲ್ಲೆ.

ಮಳೆಕಿವಿ (ಶಿರಸಿ)

ಮೈಕಾ ಹಲಗೆ ಆಯಿತು, ಗುಂಡಿ ಸಮಕ್ಕೆ ಬಂತು. 11 ಡಿಬಿ ಇದ್ದದ್ದು 4 ಡಿಬಿಗೆ ಇಳಿದು 8.8 ಕಿಲೋಹರ್ಟ್ಸ್‌ಗೆ ಹೋಗಿ ಕೂತಿದೆ. 5 ಮಿ.ಮೀ. ಸರಿಸಿದರೂ ಕದಲುವುದಿಲ್ಲ, ಬೇರೆ ಹೆಡ್‌ಫೋನಿನಲ್ಲಿ ಇಲ್ಲ. 60 ಹರ್ಟ್ಸ್ ಐದು ಸಲಕ್ಕೆ 0.8 ಡಿಬಿ ಒಳಗೆ. ಆದರೆ ಹೆಂಚಿನ ಮೇಲೆ ಮಳೆ ಶುರುವಾದರೆ 100 ಹರ್ಟ್ಸ್ ಕೆಳಗೆ ಗೆರೆ ಗರಗಸದ ಹಲ್ಲಾಗುತ್ತದೆ. 50 ಹರ್ಟ್ಸ್‌ನಲ್ಲಿ ಒಂದು ಮೊಳೆ ಬೇರೆ.

ಉಪ್ಪುಗಾಳಿ (ಕಾರವಾರ)

ಮೊಳೆ ಲ್ಯಾಪ್‌ಟಾಪ್ ಚಾರ್ಜರಿನದು. ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ಚಾರ್ಜರ್ ಹಾಕಿ ಅಳೆಯುವುದಂತೂ ಬೇಡವೇ ಬೇಡ, ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆ 150, 250 ಹರ್ಟ್ಸ್‌ನಲ್ಲೂ ಮೊಳೆ ಹೊಡೆಯುತ್ತದೆ.

ಮಳೆಗೆ ಸ್ವೀಪ್ ಉದ್ದ ಮಾಡಿ. ಸೆಕೆಂಡಿಗೆ 48,000 ಮಾದರಿ ತೆಗೆಯುವ 48 ಕಿಲೋಹರ್ಟ್ಸ್ ದರದಲ್ಲಿ 256ಕೆ (2,62,144 ಮಾದರಿ) ಸ್ವೀಪ್ ಐದೂವರೆ ಸೆಕೆಂಡು, 1ಎಮ್ ಅಂದರೆ ಸುಮಾರು 22 ಸೆಕೆಂಡು. ಉದ್ದ ದುಪ್ಪಟ್ಟಾದಾಗಲೆಲ್ಲ ಗದ್ದಲಕ್ಕಿಂತ ಸಂಕೇತ 3 ಡಿಬಿ ಮೇಲೆ ಬರುತ್ತದೆ, ಹಾಗಾಗಿ ನಾಲ್ಕು ಪಟ್ಟಿಗೆ 6 ಡಿಬಿ ಲಾಭ. ಬಟ್ಟಲಿನ ಮೇಲೆ ದಪ್ಪ ಕಂಬಳಿ ಹೊದಿಸಿದರೆ ಮೇಲಿನ ಸ್ವರದ ಗದ್ದಲ ತಗ್ಗುತ್ತದೆ, ಕೆಳಗಿನದಕ್ಕೆ ಕಂಬಳಿ ಏನೂ ಮಾಡದು. ಸಮುದ್ರದ ಮೊರೆತವೂ ಹಾಗೇ, ಆಷಾಢದಲ್ಲಿ ಕಡಲ ದಂಡೆಯ ಮನೆಯಲ್ಲಿ 40 ಹರ್ಟ್ಸ್ ಕೆಳಗಿನ ಅಳತೆಯ ಆಸೆ ಬಿಡಿ. ಡಿಸ್ಟಾರ್ಷನ್ (ಸ್ವರ ಕೆಡುವಿಕೆ) ಗೆರೆಯಂತೂ ಮಳೆಯಲ್ಲಿ ನೋಡಲೇಬೇಡಿ, ಅಲ್ಲಿ ಕಾಣುವುದು ಹೆಂಚಿನ ಸದ್ದು.

ಬೆಸುಗೆಮನೆ (ಕುಮಟಾ)

ಮಳೆ ಕೇಳಿಸದ ಅಳತೆಯೂ ಒಂದಿದೆ: ಇಂಪೀಡನ್ಸ್, ಅಂದರೆ ಎಸಿ ಕರೆಂಟಿಗೆ ಡ್ರೈವರ್ ಒಡ್ಡುವ ತಡೆ. ಇದಕ್ಕೆ ಮೈಕೇ ಬೇಡ. ಡೈನಾಮಿಕ್ ಡ್ರೈವರ್ ತನ್ನ ಅನುರಣನದ ಜಾಗದಲ್ಲಿ ಇಂಪೀಡನ್ಸ್ ಏರಿಸುತ್ತದೆ. ಡ್ರೈವರಿನ ಬೆನ್ನಿನ ಗಾಳಿ ಬಿಗಿಯಾದರೆ ಆ ಶಿಖರ ಮೇಲಿನ ಆವರ್ತನಕ್ಕೆ ಸರಿಯುತ್ತದೆ, ಗಾಳಿಯ ಓಡಾಟಕ್ಕೆ ತಡೆ ಹೆಚ್ಚಾದರೆ ಗಿಡ್ಡವಾಗಿ ಅಗಲವಾಗುತ್ತದೆ. ನಿಮ್ಮ ಮದ್ದಲೆಯ ಗುಂಯ್ ಕಾಣುವುದೂ ಅಲ್ಲೇ.

ಬೇಕಾದ್ದು 1 ಕಿಲೋಓಮ್ ರೆಸಿಸ್ಟರ್ ಒಂದು, 10 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್ ಒಂದು. ಕಾರ್ಡಿನ ಔಟ್‌ಪುಟ್ಟಿನ ಒಂದು ಬದಿಯಿಂದ ರೆಸಿಸ್ಟರ್ ಮೂಲಕ ಡ್ರೈವರಿಗೆ. ಡ್ರೈವರಿನ ಇನ್ನೊಂದು ತುದಿ ನೆಲಕ್ಕೆ. ರೆಸಿಸ್ಟರ್ ಮತ್ತು ಡ್ರೈವರ್ ಸೇರುವ ಜಾಗದಿಂದ ಕೆಪ್ಯಾಸಿಟರ್ ಮೂಲಕ ಮೈಕ್ ಇನ್‌ಪುಟ್ಟಿಗೆ, ಧನ ತುದಿ ಮೈಕ್ ಕಡೆಗೆ. ಕೆಪ್ಯಾಸಿಟರ್ ಯಾಕೆಂದರೆ ಮೈಕ್ ಇನ್‌ಪುಟ್ ಗುಂಡಿಗೆಂದು ಡಿಸಿ ವೋಲ್ಟೇಜ್ ಕೊಡುತ್ತಿರುತ್ತದೆ, ಅದು ಡ್ರೈವರಿನ ಸುರುಳಿಗೆ ಹೋಗಬಾರದು. 1 ಕಿಲೋಓಮ್ ಮುಂದೆ 32 ಓಮ್ ಚಿಕ್ಕದು, ಕರೆಂಟು ಬಹುಮಟ್ಟಿಗೆ ಸ್ಥಿರ, ಹಾಗಾಗಿ ಸ್ವೀಪಿನಲ್ಲಿ ಬರುವ ಗೆರೆಯ ಆಕಾರವೇ ಇಂಪೀಡನ್ಸಿನ ಆಕಾರ. 32 ಓಮ್ ಇದ್ದದ್ದು 45 ಆದರೆ 3 ಡಿಬಿ ಏರು ಕಾಣಬೇಕು. ಮೈಕ್ ಗೇನ್ ತೀರಾ ಕಡಿಮೆ ಇಡಿ, ಇಲ್ಲಿ ಬರುವುದು ಹತ್ತಾರು ಮಿಲಿವೋಲ್ಟ್, ಗುಂಡಿಯ ಸಂಕೇತಕ್ಕಿಂತ ಗಟ್ಟಿ.

ಫಾಸ್ಟೆಕ್ಸ್ ಟಿ50ಆರ್‌ಪಿ ತರಹದ ಪ್ಲೇನರ್ (ಚಪ್ಪಟೆ ಪೊರೆಯ ಮೇಲೇ ತಂತಿ ಹರಡಿದ) ಹೆಡ್‌ಫೋನಿಗೆ ಈ ಉಪಾಯ ನಡೆಯದು. ಅದರ ಇಂಪೀಡನ್ಸ್ ಹೆಚ್ಚುಕಡಿಮೆ ಚಪ್ಪಟೆ ಗೆರೆ, ಏನು ಬದಲಿಸಿದರೂ ಅಲುಗುವುದಿಲ್ಲ. ಟಿ50ಆರ್‌ಪಿಗೆ ಲೋಕದ ತುಂಬ ಮಾರ್ಪಾಡು ಪಾಕವಿಧಾನಗಳಿವೆ. ಅವನ್ನು ಡೈನಾಮಿಕ್ ಡ್ರೈವರಿಗೆ ಹಾಗೇ ಎತ್ತಿ ಹಾಕಿದರೆ ಬೇಸ್ ಸತ್ತು ಕೂರುತ್ತದೆ.

ಹಾಳೆಟೊಪ್ಪಿ (ಸಿದ್ದಾಪುರ)

ಈಗ ಬಿಚ್ಚಬಹುದು. ಎಲ್ಲಕ್ಕಿಂತ ಮೊದಲು ಬೆನ್ನಿನ ಗಾಳಿತೂತು. ತೂತು ಯಾವ ಕಡೆಯದು ಅಂತ ನೋಡದೆ ಟೇಪ್ ಹಚ್ಚುವವರೇ ಜಾಸ್ತಿ. ಡ್ರೈವರ್ ಕೂರಿಸಿದ ತಟ್ಟೆಯಲ್ಲಿ, ಪ್ಯಾಡಿನ ಒಳಗೆ ತೆರೆದುಕೊಳ್ಳುವ ತೂತು ಮುಚ್ಚಿದರೆ ಸೋರಿಕೆ ನಿಂತು ಬೇಸ್ ಏರುತ್ತದೆ. ಬಟ್ಟಲಿನಿಂದ ಹೊರಗೆ ತೆರೆದುಕೊಳ್ಳುವ ತೂತು ಮುಚ್ಚಿದರೆ ಬೆನ್ನಿನ ಗಾಳಿ ಬಿಗಿಯಾಗಿ ಕೆಳಗಿನ ಬೇಸ್ ಇಳಿಯುತ್ತದೆ. ಒಂದೇ ಟೇಪು, ಫಲ ತಿರುವುಮುರುವು.

ಗುಂಯ್‌ಗೆ ಬೇಕಿರುವುದು ಮುಚ್ಚುವುದಲ್ಲ, ಉಸಿರು ಬಿಗಿ ಹಿಡಿಸುವುದು. ಮೆಡಿಕಲ್ ಅಂಗಡಿಯ ಮೈಕ್ರೋಪೋರ್ ಕಾಗದದ ಟೇಪ್ ಅದಕ್ಕೇ ಸರಿ, ಗಾಳಿ ಹೋಗುತ್ತದೆ ಆದರೆ ತಡೆದು ಹೋಗುತ್ತದೆ. ಹೊರತೂತಿಗೆ ಒಂದು ಪದರ, ಅಳತೆ. ಎರಡು ಪದರ, ಅಳತೆ. ಇಂಪೀಡನ್ಸ್ ಶಿಖರ ಗಿಡ್ಡವಾಗುತ್ತ ಹೋಗಿ, ಒಂದು ಪದರದ ನಂತರ ಗಿಡ್ಡವಾಗುವ ಬದಲು ಪಕ್ಕಕ್ಕೆ ಓಡಲು ಶುರುಮಾಡುತ್ತದೆ. ಹಾಗೆ ಓಡಿತು ಅಂದರೆ ತೂತು ಮುಚ್ಚಿಹೋಯಿತು ಅಂತ ಅರ್ಥ, ಕೊನೆಯ ಪದರ ಕಿತ್ತುಬಿಡಿ. ಟೇಪನ್ನು ಬಟ್ಟಲಿನ ಒಳಬದಿಯಿಂದ ಹಚ್ಚಿ. ಹೊರಗೆ ಹಚ್ಚಿದರೆ ಬೆವರಿಗೂ ತೇವಕ್ಕೂ ವಾರದಲ್ಲಿ ಸುರುಳಿಯಾಗಿ ಏಳುತ್ತದೆ.

ಶಾಲ್ಮಲೆ (ಯಲ್ಲಾಪುರ)

ಬಟ್ಟಲಿನೊಳಗೆ ತುಂಬಲು ಬೂರುಗದ ಹತ್ತಿ ಆಗುವುದಿಲ್ಲವೇ? ನಮ್ಮ ಕಡೆ ಬೇಕಾದಷ್ಟಿದೆ, ನೀರೂ ಹೀರುವುದಿಲ್ಲ.

ಉಪ್ಪುಗಾಳಿ (ಕಾರವಾರ)

ಆ ಹೆಸರಿಟ್ಟುಕೊಂಡವರೇ (ಸಂಸ್ಕೃತದ ಶಾಲ್ಮಲಿ ಅಂದರೆ ಬೂರುಗ) ಬೂರುಗ ಕೇಳುವುದು ನ್ಯಾಯವೇ! ನೀರಿನ ಹನಿ ಹಿಡಿಯುವುದಿಲ್ಲ ಎನ್ನುವುದು ಸರಿ, ಎಳೆಯ ಮೇಲೆ ಮೇಣದ ಲೇಪ ಇದೆ. ತೊಂದರೆ ಬೇರೆ. ಎಳೆ ಗಿಡ್ಡ, ನುಣುಪು, ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ, ಅದಕ್ಕೇ ನೂಲಲು ಬಾರದು. ಡ್ರೈವರಿನ ಬೆನ್ನ ತೂತಿನಿಂದ ಒಂದು ಎಳೆ ಒಳಗೆ ಹೋಗಿ ಆಯಸ್ಕಾಂತದ ಸಂದಿಗೆ ಸಿಕ್ಕರೆ ಜೀವಮಾನವಿಡೀ ಪರಪರ. ಹಾಕಲೇಬೇಕೆಂದರೆ ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಹಾಕಿ.

ಮಾಮೂಲಿ ಹತ್ತಿಯಂತೂ ಬೇಡ. ಸಾಧಾರಣ ತೇವದ ಗಾಳಿಯಲ್ಲೇ ಅದು ತನ್ನ ತೂಕದ ಶೇ. 8ರಷ್ಟು ನೀರು ಹಿಡಿದಿರುತ್ತದೆ, ಉಣ್ಣೆ ಅದರ ದುಪ್ಪಟ್ಟು. ಪಾಲಿಯೆಸ್ಟರ್ ಶೇ. 0.4 ಮಾತ್ರ. ಬೇಸಿಗೆಯಲ್ಲಿ ಹತ್ತಿ ಹಾಕಿ ತಿದ್ದಿದ ಸ್ವರ ಆಷಾಢದಲ್ಲಿ ಹಾಗೇ ಇರಬೇಕೆಂದರೆ ಹೇಗೆ? ಜೊತೆಗೆ ಬೂಷ್ಟು. ಹಳೆ ತಲೆದಿಂಬಿನ ಪಾಲಿಯೆಸ್ಟರ್ ಎಳೆ ಸಾಕು.

ಪ್ರಮಾಣ: ಬಟ್ಟಲಿಗೆ 0.5 ಗ್ರಾಮ್‌ನಿಂದ ಶುರುಮಾಡಿ, ಅರ್ಧರ್ಧ ಗ್ರಾಮ್ ಏರಿಸಿ, 2 ಗ್ರಾಮ್ ದಾಟಬೇಡಿ. ತೂಗಲು 0.01 ಗ್ರಾಮ್ ತೋರಿಸುವ ಕಿಸೆ ತಕ್ಕಡಿ ಬೇಕು, ಕಣ್ಣಳತೆ ನಡೆಯದು. ಎಡಬಲಕ್ಕೆ ಕಾಲು ಗ್ರಾಮ್ ವ್ಯತ್ಯಾಸ ಬಿದ್ದರೆ ಹಾಡುವವರು ಮೂಗಿನ ನೇರದಿಂದ ಪಕ್ಕಕ್ಕೆ ಸರಿದ ಹಾಗೆ ಕೇಳಬಹುದು. ಒತ್ತಿ ತುಂಬಬೇಡಿ, ಎಳೆ ಬಿಡಿಸಿ ಹಗುರಾಗಿ ಹರಡಿ. ಜಾಸ್ತಿಯಾದರೆ ದನಿ ಗೋಣಿಚೀಲದೊಳಗಿನಿಂದ ಬಂದ ಹಾಗಾಗುತ್ತದೆ.

ಬೆಸುಗೆಮನೆ (ಕುಮಟಾ)

ಬಟ್ಟಲಿನ ಗೋಡೆಗೆ ಬೆರಳಿನಿಂದ ಬಡಿದು ನೋಡಿ. ಟಕ್ ಎನ್ನದೆ ಟಣ್ ಎಂದರೆ ಗೋಡೆಯೂ ಹಾಡುತ್ತಿದೆ. ಕಾರಿನ ಬಾಗಿಲೊಳಗೆ ಹಚ್ಚುವ ಅಲ್ಯುಮಿನಿಯಂ ಬೆನ್ನಿನ 2 ಮಿ.ಮೀ. ಬ್ಯುಟೈಲ್ ರಬ್ಬರ್ ಹಾಳೆ, ಬಟ್ಟಲಿಗೆ 25 ಚದರ ಸೆಂ.ಮೀ. ಸಾಕು. ಅಂಚಿಗಲ್ಲ, ಗೋಡೆಯ ನಡುವಿಗೆ. ಒಂದು ಬದಿಗೆ 8 ಗ್ರಾಮ್ ಆಜುಬಾಜು ತೂಕ ಏರುತ್ತದೆ, ಕುತ್ತಿಗೆಗೆ ಗೊತ್ತಾಗುವಷ್ಟು ಹಚ್ಚಬೇಡಿ. ಎಣ್ಣೆ ಜೇಡಿ ಒಳಗೆ ಬಿಡಬೇಡಿ, ಸೆಕೆಗೆ ಎಣ್ಣೆ ಜಿನುಗುತ್ತದೆ.

ಕಾಳಿದಂಡೆ (ಸದಾಶಿವಗಡ)

ಇಷ್ಟೆಲ್ಲ ಯಾಕೆ ಮಾರಾಯ್ರೇ? ಈಕ್ವಲೈಸರ್‌ನಲ್ಲಿ 8.8 ಕಿಲೋಹರ್ಟ್ಸ್ ಹಾಕಿ 4 ಡಿಬಿ ಇಳಿಸಿದರೆ ಮುಗಿಯಿತಲ್ಲ. ಕ್ಯೂ, ಅಂದರೆ ಇಳಿಕೆಯ ಅಗಲ ಹೇಳುವ ಅಂಕೆ, 4.

ಹಾಳೆಟೊಪ್ಪಿ (ಸಿದ್ದಾಪುರ)

ಆ ಒಂದು ಗುಡ್ಡಕ್ಕೆ ನೀವು ಹೇಳಿದ್ದೇ ಸರಿ, ನಾನೂ ಅದನ್ನೇ ಮೊದಲು ಮಾಡಿ ನೋಡಿ ಎನ್ನುತ್ತೇನೆ. ಡ್ರೈವರಿನ ಗುಡ್ಡ ಈಕ್ವಲೈಸರಿಗೆ ಸಲೀಸಾಗಿ ಬಗ್ಗುತ್ತದೆ. ಹಾಕಿದ ಮೇಲೆ ಚಂಡೆ ಚುಚ್ಚುವುದು ನಿಂತರೆ ಚುಚ್ಚುತ್ತಿದ್ದದ್ದು ಅದೇ ಗುಡ್ಡ ಎಂದು ಖಾತ್ರಿ. ನಿಲ್ಲದಿದ್ದರೆ ಫೆಲ್ಟ್ ದಂಡ. ಎಷ್ಟೋ ಯಕ್ಷಗಾನ ಧ್ವನಿಮುದ್ರಣದಲ್ಲಿ ಚಂಡೆಯ ಪೆಟ್ಟಿಗೆ ಮೈಕೇ ತಾಳಲಾರದೆ ಕ್ಲಿಪ್ ಆಗಿ ಸದ್ದು ಒಡೆದಿರುತ್ತದೆ, ಅದಕ್ಕೆ ಹೆಡ್‌ಫೋನ್ ಏನು ಮಾಡೀತು?

ಆದರೆ ಸೋರಿಕೆಯಿಂದ ಹೋದ ಬೇಸನ್ನು ಈಕ್ವಲೈಸರ್‌ನಲ್ಲಿ ಏರಿಸಿದರೆ ಪೊರೆ ಅಷ್ಟು ದೂರ ಓಡಬೇಕು, ಡಿಸ್ಟಾರ್ಷನ್ ಏರುತ್ತದೆ, ಕನ್ನಡಕ ಹಾಕಿದ ದಿನ ಸೋರಿಕೆ ಮತ್ತೆ ಬೇರೆ. ಟಿವಿಗೆ ಚುಚ್ಚಿದಾಗ ಈಕ್ವಲೈಸರ್ ಜೊತೆಗೆ ಬರುವುದೂ ಇಲ್ಲ.

ಕೈಯಿಂದಲೇ ತಗ್ಗಿಸಬೇಕೆಂದರೆ: ಟಿಶ್ಯೂ ಕಾಗದ ಬೇಡ, ನಮ್ಮ ಹವೆಗೆ ತೇವ ಹಿಡಿದು ಮೆತ್ತಗಾಗುತ್ತದೆ. ಸರ್ಜಿಕಲ್ ಮಾಸ್ಕಿನ ಹೊರಪದರ ಪಾಲಿಪ್ರೊಪಿಲೀನ್, ತೇವ ಹಿಡಿಯುವುದಿಲ್ಲ. ಅದರಿಂದ ಡ್ರೈವರಿನ ಜಾಲರಿಯಷ್ಟು ಅಗಲದ ಬಿಲ್ಲೆ ಕತ್ತರಿಸಿ ಜಾಲರಿಗೂ ಪ್ಯಾಡಿಗೂ ನಡುವೆ ಸಿಕ್ಕಿಸಿ, ಅಂಟು ಹಾಕದೆ. ಒಂದು ಪದರ, ಅಳತೆ. ಸಾಲದಿದ್ದರೆ ಇನ್ನೊಂದು. ಮಾಸ್ಕಿನ ನಡುವಿನ ಪದರಕ್ಕೆ ತಡೆ ಜಾಸ್ತಿ, ಅದು ಬೇಡ. ಅದಕ್ಕೂ ಬಗ್ಗದಿದ್ದರೆ 1 ಮಿ.ಮೀ. ಪಾಲಿಯೆಸ್ಟರ್ ಫೆಲ್ಟಿನ 20 ಮಿ.ಮೀ. ಬಿಲ್ಲೆ, ನಡುವೆ 6 ಮಿ.ಮೀ. ತೂತು, ಡ್ರೈವರಿನ ನೇರ ಮುಂದೆ.

ಕೇಳಿ ಹೋಲಿಸುವಾಗ ಎರಡರ ಮಟ್ಟ 300ರಿಂದ 1000 ಹರ್ಟ್ಸ್ ನಡುವೆ ಸಮ ಇರಲಿ. 1 ಡಿಬಿ ಗಟ್ಟಿ ಇದ್ದದ್ದೇ ಚೆಂದ ಕೇಳುತ್ತದೆ, ಕಿವಿಯ ಹಳೇ ಚಾಳಿ ಅದು.

ಬೆಸುಗೆಮನೆ (ಕುಮಟಾ)

ಬಿಚ್ಚಿದಾಗ ತಂತಿ ಕಿತ್ತು ಬಂದರೆ ಇದು ನೆನಪಿರಲಿ. ಹೆಡ್‌ಫೋನ್ ತಂತಿಯ ಎಳೆಗಳಿಗೆ ಬಣ್ಣದ ಎನಾಮಲ್ ಲೇಪ, ಅದನ್ನು ಸುಡದೆ ಬೆಸುಗೆ ಹಿಡಿಯದು. ತುದಿಗೆ ಫ್ಲಕ್ಸ್ ಹಚ್ಚಿ 370 ಡಿಗ್ರಿಯಲ್ಲಿ ಸೀಸದ ಹನಿಯೊಳಗೆ ಮುಳುಗಿಸಿ, ಹೊಗೆ ಬಂದು ಬೆಳ್ಳಗಾಗುವ ತನಕ. ಇದನ್ನು ಡ್ರೈವರಿನಿಂದ ದೂರ ಮುಗಿಸಿ. ಡ್ರೈವರಿನ ಬಿಂದುವಿಗೆ 320 ಡಿಗ್ರಿ, ಎರಡು ಸೆಕೆಂಡಿಗಿಂತ ಜಾಸ್ತಿ ಬೇಡ, ಅಲ್ಲೇ ಪಕ್ಕದಲ್ಲಿ ಸುರುಳಿಯ ಕೂದಲೆಳೆ ತಂತಿ ಇದೆ. ಬೆಸುಗೆ ಕಡ್ಡಿಯ ತುದಿಗೆ ಕಬ್ಬಿಣದ ಲೇಪ ಇರುವುದರಿಂದ ಆಯಸ್ಕಾಂತ ಅದನ್ನು ಪಟ್ಟನೆ ಎಳೆದುಕೊಳ್ಳುತ್ತದೆ. ಕೈಯ ಬುಡವನ್ನು ಮೇಜಿಗೆ ಊರಿ ಹಿಡಿಯಿರಿ.

ಎಡಬಲದಲ್ಲಿ ಒಂದರ ತಂತಿ ತಿರುಗುಮುರುಗಾದರೆ ನಡುವಿನ ದನಿ ತೆಳುವಾಗಿ ಬೇಸ್ ಮಾಯ. ಆರ್‌ಇಡಬ್ಲ್ಯುವಿನ ಇಂಪಲ್ಸ್ ಪುಟದಲ್ಲಿ ಎರಡೂ ಬದಿಯ ಮೊದಲ ಜಿಗಿತ ಒಂದೇ ದಿಕ್ಕಿಗೆ ಇದೆಯಾ ನೋಡಿದರೆ ಸಾಕು.

ಉಪ್ಪುಗಾಳಿ (ಕಾರವಾರ)

ಪ್ಯಾಡಿನ ಕೃತಕ ಚರ್ಮ ಹೊಪ್ಪಳಿಕೆ ಏಳುತ್ತಿದ್ದರೆ ಮೊದಲು ಅದನ್ನೇ ಬದಲಿಸಿ, ಆಮೇಲೆ ಉಳಿದದ್ದು. ಪಾಲಿಯುರೆಥೇನ್ ತೇವಕ್ಕೆ ಒಡೆಯುತ್ತದೆ, ಕರಾವಳಿಯಲ್ಲಿ ಇನ್ನೂ ಬೇಗ. ಪ್ಯಾಡಿನ ಆಳ 3 ಮಿ.ಮೀ. ಬದಲಾದರೂ ಹಿಂದಿನ ಅಳತೆಗಳೆಲ್ಲ ರದ್ದು. ವೆಲ್ವೆಟ್ ಪ್ಯಾಡ್ ತಂಪು, ಆದರೆ ಉಸಿರಾಡುತ್ತದೆ, ಬೇಸ್ ಸೋರುತ್ತದೆ.

ಮೈಕ್ ಗುಂಡಿಯನ್ನು ಹಲಗೆಯಲ್ಲೇ ಬಿಡಬೇಡಿ, ತೇವಕ್ಕೆ ಚಿಟಚಿಟ ಎನ್ನಲು ಶುರುಮಾಡುತ್ತದೆ. ಬಿಗಿ ಮುಚ್ಚಳದ ಡಬ್ಬಿ, 50 ಗ್ರಾಮ್ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಹಸಿರಾದಾಗ 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕಿತ್ತಳೆ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಹಿಟ್ಟಿನ ಧೂಳು ಜಾಲರಿಗೆ ಮೆತ್ತುತ್ತದೆ. ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಡುವುದೂ ಬೇಡ, ಅದು ಕೊಬ್ಬರಿಗೆ ಸರಿ.

ಮಳೆಕಿವಿ (ಶಿರಸಿ)

ಈಗಿನ ಸ್ಥಿತಿ: ಹೊರತೂತಿಗೆ ಮೈಕ್ರೋಪೋರ್ ಎರಡು ಪದರ (ಮೂರನೆಯದಕ್ಕೆ ಶಿಖರ ಓಡಿತು, ಕಿತ್ತೆ), ಪಾಲಿಯೆಸ್ಟರ್ 1 ಗ್ರಾಮ್, ಮಾಸ್ಕಿನ ಹೊರಪದರ ಎರಡು. ಭಾಗಾಕಾರದ ಗೆರೆಯಲ್ಲಿ 180 ಹರ್ಟ್ಸ್ ಸುತ್ತ 3 ಡಿಬಿ ಇಳಿದಿದೆ, 8.8 ಕಿಲೋಹರ್ಟ್ಸ್‌ನಲ್ಲಿ 2.5. ಚಂಡೆ ಈಗ ಚರ್ಮದ ಹಾಗೆ ಕೇಳುತ್ತದೆ, ತಗಡಿನ ಹಾಗಲ್ಲ. ಒಂದೇ ತೊಡಕು: ಎಡಬದಿ 80 ಹರ್ಟ್ಸ್ ಕೆಳಗೆ ಬಲಕ್ಕಿಂತ 3 ಡಿಬಿ ಕಡಿಮೆ. ಬಿಚ್ಚುವ ಮೊದಲು ಎರಡೂ ಸಮ ಇದ್ದವು. ಪ್ಯಾಡ್ ಅದಲುಬದಲು ಮಾಡಿದೆ, ಪ್ಯಾಡಿನ ಜೊತೆ ಹೋಗುವುದಿಲ್ಲ. ಜೇಡಿ ಸುತ್ತಿದರೂ ಏಳುವುದಿಲ್ಲ.

ಹಾಳೆಟೊಪ್ಪಿ (ಸಿದ್ದಾಪುರ)

ಪ್ಯಾಡಿನ ಜೊತೆ ಹೋಗಲಿಲ್ಲ, ಜೇಡಿಗೂ ಏಳಲಿಲ್ಲ ಅಂದಮೇಲೆ ಸೋರುತ್ತಿರುವುದು ಡ್ರೈವರ್ ತಟ್ಟೆಯಲ್ಲಿ. ಎಡ ಬಟ್ಟಲಿಗೇ ತಾನೆ ತಂತಿ ಬರುವುದು? ಡ್ರೈವರಿಗೆ ತಂತಿ ಹೋಗುವ ತೂತಿನಲ್ಲಿ ಕಾರ್ಖಾನೆಯ ಅಂಟಿನ ಗುಳಿಗೆ ಇರುತ್ತದೆ, ಬಿಚ್ಚುವಾಗ ತಂತಿ ಜಗ್ಗಿದರೆ ಕಳಚುತ್ತದೆ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ.

ಮಳೆಕಿವಿ (ಶಿರಸಿ)

ಹೌದು, ತಂತಿಯ ಪಕ್ಕ ಬೆಳಕು ಕಾಣುತ್ತಿದೆ, ಸಾಸಿವೆ ಕಾಳಿನಷ್ಟು.

ಹಾಳೆಟೊಪ್ಪಿ (ಸಿದ್ದಾಪುರ)

ಅಷ್ಟು ಸಾಕು 3 ಡಿಬಿಗೆ. ಬಿಸಿ ಅಂಟು ಒಂದು ಹನಿ, ತಂತಿಗೆ ಸ್ವಲ್ಪ ಸಡಿಲ ಬಿಟ್ಟು. ಅಂಟು ತಣ್ಣಗಾದ ಮೇಲೆ ಸ್ಕ್ರೂಗಳನ್ನು ಎದುರುಬದುರು ಬಿಗಿ ಮಾಡಿ, ಒಂದೇ ಸುತ್ತಿಗೆ ಪೂರ್ತಿ ಬೇಡ, ತಟ್ಟೆ ಓರೆಯಾಗುತ್ತದೆ. ಆಮೇಲೆ ಎಡಬದಿ ಮತ್ತೆ ಐದು ಸಲ.